ಸೈಮಿ ತಂದ ಹಿಮದ ಬ್ಲೇಡು

ಸಲಿಕೆಯ ಸದ್ದು ಕೇಳಿದರೆ ಸೈಮಿಗೆ ಎದೆ ನಡುಗುತ್ತಿತ್ತು. ಆ ಸದ್ದು ನಿಂತರೆ ಜೀವ ಬಾಯಿಗೆ ಬರುತ್ತಿತ್ತು. ಕಳೆದ ಚಳಿಗಾಲ ಹಾಗೆಯೇ ಆಗಿತ್ತು. ಅಂಗಳದಲ್ಲಿ ಕರಕರ ಎನ್ನುತ್ತಿದ್ದ ಗಂಡನ ಸಲಿಕೆ ತಟ್ಟನೆ ನಿಂತಿತು. ಓಡಿಹೋಗಿ ನೋಡಿದರೆ ವೈನೋ ಹಿಮದ ದಿಬ್ಬಕ್ಕೆ ಮುಖ ಕೊಟ್ಟು ಬಿದ್ದಿದ್ದ. ಹೃದಯ ಕೈಕೊಟ್ಟಿತ್ತು. ಹೇಗೋ ಬದುಕಿ ಬಂದ.

ಇನ್ನು ಸಲಿಕೆ ಮುಟ್ಟಬೇಡ ಎಂದರು ಡಾಕ್ಟರು. ಹೇಳಿದ್ದು ಯಾರಿಗೆ? ಮೂವತ್ತು ವರ್ಷ ಮರದ ದಿಮ್ಮಿಯ ಲಾರಿ ಓಡಿಸಿದ ವೈನೋಗೆ. ಬಿಸಿ ಹಬೆಯ ಸ್ನಾನದ ಕೋಣೆ, ಸೌನಾದಲ್ಲಿ, ಶಾಖ ಕಡಿಮೆಯಿರುವ ಕೆಳಗಿನ ಹಲಗೆಯ ಮೇಲೆ ಕೂರು ಎಂದರೆ ಬೇಕೆಂದೇ ಮೇಲಿನ ಹಲಗೆ ಹತ್ತಿ, ಕಾದ ಕಲ್ಲಿಗೆ ಇನ್ನೊಂದು ಚೊಂಬು ನೀರು ಹೊಯ್ಯುವ ಆಸಾಮಿ. ಆ ಮೊಂಡನಿಗೆ ಬುದ್ಧಿ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಅದಕ್ಕೇ ಸೈಮಿ ಯಾರೋ ಬಳಸಿ ಬಿಟ್ಟಿದ್ದ, ಹಿಮ ನೂಕುವ, ಹಲಗೆಯಂಥ ಕಬ್ಬಿಣದ ಬ್ಲೇಡೊಂದನ್ನು ಕೊಂಡು ತಂದಳು. ಹುಲ್ಲು ಕತ್ತರಿಸುತ್ತಾ ಮುದಿಯಾಗಿದ್ದ ತೋಟದ ಟ್ರ್ಯಾಕ್ಟರಿಗೆ ಅದನ್ನು ಕಟ್ಟಿಬಿಟ್ಟರೆ ಸಲಿಕೆಯ ಕಾಟ ಮುಗಿಯುತ್ತದೆ ಎಂಬುದು ಅವಳ ಲೆಕ್ಕ.

ಸರೋವರದ ಕಡೆಯಿಂದ ಭಾರೀ ಹಿಮ ಬರುತ್ತಿದೆ ಎಂದು ರೇಡಿಯೋ ಬೆಳಗಿನಿಂದ ಒದರುತ್ತಿತ್ತು. ರಸ್ತೆಯ ಹಿಮವನ್ನು ಬದಿಗೆ ನೂಕುವ ಲಾರಿ ಹಾದು ಹೋಯಿತೆಂದರೆ ಮನೆಯ ದಾರಿಯ ಬಾಯಿಗೆ ಕಲ್ಲಿನಂಥ ಹಿಮದ ಗೋಡೆ ಎದ್ದು ಕೂರುತ್ತದೆ. ಅದನ್ನು ಒಡೆಯದಿದ್ದರೆ ಆಂಬುಲೆನ್ಸು ಕೂಡ ಒಳಗೆ ಬರಲಾರದು. ಒಡೆಯಲು ವೈನೋ ಸಲಿಕೆ ಹಿಡಿದರೆ ಆಂಬುಲೆನ್ಸು ಬೇಕೇ ಬೇಕಾಗುತ್ತದೆ.

"ಇದು ಯಾವ ಗಾಡಿಗೆ ಹುಟ್ಟಿದ್ದೇ ಮಾರಾಯ್ತಿ? ನಮ್ಮ ಗಾಡಿ ಮೂತಿಗೂ ಇದಕ್ಕೂ ಸಂಬಂಧಾನೇ ಇಲ್ಲ," ಎಂದ ವೈನೋ, ಕೊಟ್ಟಿಗೆಯಲ್ಲಿ ಬ್ಲೇಡಿನ ಮುಂದೆ ಮಂಡಿಯೂರಿ.

"ಮದ್ವೆಗೆ ಮುಂಚೆ ನಮ್ಮಿಬ್ರಿಗೂ ಏನೂ ಸಂಬಂಧ ಇರ್ಲಿಲ್ಲ. ಕೂಡ್ಲಿಲ್ವಾ? ಕೂಡಿಸು."

"ಅದಕ್ಕೆ ಎಷ್ಟು ಸುತ್ತಿಗೆ ಏಟು ಬಿತ್ತು ಅಂತ ನಂಗೊಬ್ಬನಿಗೇ ಗೊತ್ತು."

ಬ್ಲೇಡನ್ನು ಗಾಡಿಗೆ ಕೂಡಿಸುವ ಎಡಗಡೆಯ ಗೂಟ ಹೇಗೋ ಹೊಕ್ಕಿತು. ಬಲಗಡೆಯ ತೂತು ಬೆರಳಗಲ ತಪ್ಪುತ್ತಿತ್ತು. ಎಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ಈ ಚಳಿಯಲ್ಲಿ ಆರಿಸಿದರೆ ಹಳೆ ಬ್ಯಾಟರಿ ಮತ್ತೆ ಎಬ್ಬಿಸುವುದಿಲ್ಲ ಎಂದು ವೈನೋ ಅದನ್ನು ಹಾಗೇ ಬಿಟ್ಟಿದ್ದ.

"ಮೇಲೆ ಕೂತ್ಕೋ. ಎತ್ತೋ ಹಿಡಿನ ಚೂರು ಮುಂದಕ್ಕೆ ತಳ್ಳು," ಎಂದ.

ಸೀಟಿನ ಪಕ್ಕದಲ್ಲಿ ಹಿಡಿಗಳು ಎರಡು. ಒಂದು ಬ್ಲೇಡು ಎತ್ತುವುದು, ಇನ್ನೊಂದು ಗಾಡಿ ನಡೆಸುವುದು. ದಪ್ಪ ಕೈಗವಸಿನಲ್ಲಿ ಸೈಮಿ ಒಂದನ್ನು ತಳ್ಳಿದಳು. ಗಾಡಿ ಮುಂದಕ್ಕೆ ಹೊರಟಿತು.

ಬ್ಲೇಡು ವೈನೋನ ಎದೆಗೆ ತಾಗಿತು. ಅವನ ಬೆನ್ನ ಹಿಂದೆ ಸೌನಾಕ್ಕೆಂದು ಒಟ್ಟಿದ್ದ ಸೌದೆಯ ರಾಶಿ. ಗಾಡಿ ಅವನನ್ನು ಅದಕ್ಕೆ ಒತ್ತಿ ಹಿಡಿಯಿತು; ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತಿದ್ದ ಸರಪಳಿಗಳು ನೆಲದ ಹಲಗೆ ಕೆರೆಯತೊಡಗಿದವು.

"ಹಿಂದಕ್ಕೆ..." ಎಂದ. ಮುಂದಿನ ಮಾತಿಗೆ ಉಸಿರಿರಲಿಲ್ಲ.

ಸೈಮಿ ಸೀಟಿನಿಂದ ಹಾರಿದಳು. ಅವಳ ತಂಗಿಯ ಮನೆಯ ಗಾಡಿಯಲ್ಲಿ ಕುಂಡೆ ಎತ್ತಿದ ತಕ್ಷಣ ಎಂಜಿನ್ ಸಾಯುತ್ತದೆ. ಇದು ಸಾಯಲಿಲ್ಲ. ಹಿಮ ಒದೆಯಲು, ಗೇಟು ತೆಗೆಯಲು ಇಳಿದಾಗಲೆಲ್ಲ ಎಂಜಿನ್ ನಿಂತರೆ ಯಾರಿಗೆ ಬೇಕು ಆ ಪಾಡು? ಆ ಸೀಮೆಯ ಗಂಡಸರೆಲ್ಲ ಸೀಟಿನಡಿಯ ಎರಡು ತಂತಿ ಹೊಸೆದು ಆ ಏರ್ಪಾಡನ್ನೇ ಕೊಂದಿದ್ದರು. ವೈನೋ ಕೂಡ ಎಂದೋ ಹೊಸೆದು, ಜಂಬವನ್ನೂ ಕೊಚ್ಚಿದ್ದ. ಅವಳಿಗೂ ಗೊತ್ತಿತ್ತು. ಹೆದರಿದವಳಿಗೆ ಗೊತ್ತಿದ್ದದ್ದೇ ನೆನಪಾಗಲಿಲ್ಲ.

ಸವಾರಳಿಲ್ಲದ ಗಾಡಿ ಅವಳ ಗಂಡನನ್ನು ಒತ್ತುತ್ತಲೇ ಇತ್ತು. ನಾನೇ ತಂದೆ, ದುಡ್ಡು ಕೊಟ್ಟು ನಾನೇ ತಂದೆ ಎಂದು ಅವಳ ತಲೆ ಅರಚಿತು. ಕೀಲಿ ತಿರುಗಿಸಬಹುದೆಂದೂ ಹೊಳೆಯಲಿಲ್ಲ. ಎಂಜಿನ್ನಿನ ಮೂತಿಯಲ್ಲಿ ಕಂಡ ದಪ್ಪ ತಂತಿಯನ್ನು ಹಿಡಿದು ಕಿತ್ತಳು. ಕರೆಂಟು ಹೆಗಲವರೆಗೂ ಹೊಡೆಯಿತು. ಎಂಜಿನ್ ನಿಂತಿತು.

ಗಾಡಿ ಮಾತ್ರ ಹಿಂದಕ್ಕೆ ಸರಿಯಲಿಲ್ಲ. ಅವನ ಬೆನ್ನ ಹಿಂದಿನ ಸೌದೆಯನ್ನು ಒಂದೊಂದಾಗಿ ಎಳೆದು ಎಸೆದಳು. ರಾಶಿ ಸಡಿಲಾಗಿ ವೈನೋ ಪಕ್ಕಕ್ಕೆ ಜಾರಿ ಬಿದ್ದ. ಅವಳು ಅವನ ಕೋಟಿಗೆ ಕಿವಿಯಿಟ್ಟಳು. ಬಡಿಯುತ್ತಿತ್ತು.

"ಏನಾದ್ರೂ ಅನ್ನು! ಬೈಯಾದ್ರೂ ಬೈಯಿ!"

"ಹೋದ ವರ್ಷ ಬಿದ್ದಾಗ ನಂಗೇನೂ ಗೊತ್ತಾಗ್ಲಿಲ್ಲ ಸೈಮಿ. ಇವತ್ತು ಸಾಯೋದು ಹೇಗಿರುತ್ತೆ ಅಂತ ಎಲ್ಲಾ ಗೊತ್ತಾಯ್ತು."

ಎದ್ದ ಮೇಲೆ ಅವನು ಮೊದಲು ಸೀಟಿನಡಿಯ ಹೊಸೆದ ತಂತಿ ಬಿಚ್ಚಿ, ಇದ್ದಂತೆ ಜೋಡಿಸಿದ. ಅವಳು ಕಿತ್ತಿದ್ದ ದಪ್ಪ ತಂತಿಯನ್ನೂ ಮತ್ತೆ ಸಿಕ್ಕಿಸಿದ. ಇಬ್ಬರೂ ಸೇರಿ ಗಾಡಿ ಹಿಂದೆ ಸರಿಸಿದರು. ಈ ಸಲ ಪಕ್ಕದಲ್ಲಿ ನಿಂತು, ಸನ್ನೆಕೋಲಿನಿಂದ ಬ್ಲೇಡು ಎತ್ತಿ ಬಲಗಡೆಯ ಗೂಟ ಹೊಡೆದರು. ಕಾರಿನ ಬ್ಯಾಟರಿಯಿಂದ ಕರೆಂಟು ಕೊಟ್ಟು ಎಂಜಿನ್ ಎಬ್ಬಿಸುವಷ್ಟರಲ್ಲಿ ಹೊರಗೆ ಹಿಮ ಸುರಿಯುತ್ತಿತ್ತು. ರಸ್ತೆಯ ಲಾರಿ ಗರ್ಜಿಸುತ್ತಾ ಹಾದು, ದಾರಿಯ ಬಾಯಿಗೆ ಗೋಡೆ ಹಾಕಿ ಹೋಯಿತು.

ಸೈಮಿ ಸೀಟು ಹತ್ತಿದಳು. ಇಳಿಯೇ ಮುದುಕಿ, ಇದು ಗಂಡಸರ ಕೆಲಸ ಎಂದು ಅವನು ರೇಗುತ್ತಾನೆಂದು ಕಾದಳು. ಉತ್ತರವನ್ನೂ ಹಲ್ಲಿನ ಹಿಂದೆ ಸಿದ್ಧವಿಟ್ಟುಕೊಂಡಿದ್ದಳು.

"ನಾನೆಲ್ಲಿ ನಿಂತ್ಕೊಳ್ಲಿ?" ಎಂದ ವೈನೋ.

"ಒಳಗೆ. ಕಿಟಕಿ ಹತ್ರ."

"ಆಯ್ತು."

ಸುತ್ತಿಗೆ ಕೆಳಗಿಟ್ಟು ಹೊರಟ. ತಮಾಷೆಯಿಲ್ಲ, ತಕರಾರಿಲ್ಲ. ಮೆಟ್ಟಿಲ ಬಳಿ ಕಂಬಿ ಹಿಡಿದು ನಿಂತು ಉಸಿರು ತೆಗೆದುಕೊಂಡ, ಆಮೇಲೆ ಹತ್ತಿದ. ಹೇಳಿದ ಮಾತು ಕೇಳಲಿ ಎಂದು ಸೈಮಿ ವರ್ಷವಿಡೀ ದೇವರನ್ನು ಬೇಡಿದ್ದಳು. ಈಗ ಕೇಳಿದ. ಅದನ್ನು ನೋಡಿ ಅವಳಿಗೆ, ಬ್ಲೇಡು ಅವನ ಎದೆಗೆ ತಾಗಿದಾಗಲೂ ಆಗದಷ್ಟು ಭಯವಾಯಿತು.

"ವೈನೋ! ಒಂದ್ಸಲ ಬೈದಾದ್ರೂ ಹೋಗೋ!" ಎಂದು ಕೂಗಿದಳು. ಎಂಜಿನ್ನಿನ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ.