ಗದ್ದದ ಮೇಲೆ ಎಳೆದ ಗೆರೆಗಳು

ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಕಟಿಂಗ್ ಅಕ್ಕ. ಗೆರೆ ಎಳೆಯದೆ ಬಟ್ಟೆಗೆ ಕತ್ತರಿ ತಾಗಿಸಿದವಳಲ್ಲ. ಹೊಸದಾಗಿ ಬಂದ ಹುಡುಗಿಯರು ಅಂದಾಜಿನಲ್ಲಿ ಕತ್ತರಿಸಲು ಹೋದರೆ, "ನಿನ್ನ ಕಣ್ಣೇನು ಟೇಪಾ?" ಎಂದು ಕತ್ತರಿ ಕಿತ್ತುಕೊಳ್ಳುತ್ತಿದ್ದಳು. ಇಂಥ ಹುಷಾರಿನ ಹೆಂಗಸು ತಂಗಿಯ ಮುಖ ಹಾಳು ಮಾಡಿದಳು ಎಂದರೆ ಯಾರು ತಾನೇ ನಂಬುತ್ತಾರೆ?

ತಂಗಿಯನ್ನು ಮನೆಯಲ್ಲಿ ಪುಟ್ಟಿ ಎನ್ನುತ್ತಿದ್ದರು. ತಾಯಿ ಹೋದ ಮೇಲೆ ಅಕ್ಕನೇ ಸಾಕಿದ ಹುಡುಗಿ. ಅವಳ ಗದ್ದದಲ್ಲಿ ಕೂದಲು ಬರುತ್ತಿತ್ತು, ಅದೂ ಒರಟಾಗಿ, ಕರ್ರಗೆ. ಬೆಳಿಗ್ಗೆ ಬಚ್ಚಲ ಚಿಲಕ ಹಾಕಿಕೊಂಡು ರೇಜರ್ ಆಡಿಸಿದರೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಮೊಳಕೆ. ಸದಾ ಗದ್ದಕ್ಕೆ ಕೈ ಕೊಟ್ಟು ಕೂರುವುದು ಅಭ್ಯಾಸವಾಗಿ, ಕಾಲೇಜಿನಲ್ಲಿ ಅವಳಿಗೆ ದೊಡ್ಡ ಚಿಂತಕಿ ಎಂಬ ಹೆಸರು ಬೇರೆ ಬಂದಿತ್ತು. ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಗಿರಾಕಿಯ ಮುಖಕ್ಕೆ ಗೇಣು ದೂರದಲ್ಲಿ ತನ್ನ ಮುಖವಿಟ್ಟು ಕನ್ನಡಕ ಕೂರಿಸುವ ಕೆಲಸ. ಅಲ್ಲಿ ಗದ್ದಕ್ಕೆ ಕೈ ಕೊಟ್ಟರೆ ನಡೆಯುವುದಿಲ್ಲ.

ಅದಕ್ಕೇ ಅಕ್ಕ ಬೆಳಕಿನಿಂದ ಕೂದಲು ತೆಗೆಯುವ ಮೆಷಿನ್ ತರಿಸಿದಳು. ಇಬ್ಬರೂ ಮಂಚದ ಮೇಲೆ ಕೂತು ಅದರ ಜೊತೆ ಬಂದ ಹಾಳೆಯನ್ನು ಓದಿದರು. ಚರ್ಮದ ಬಣ್ಣದ ಪಟ್ಟಿಗೆ ಪುಟ್ಟಿಯ ಕೆನ್ನೆ ಹಿಡಿದು ನೋಡಿದರು. ಪರವಾಗಿಲ್ಲ, ಹಾಳೆ ಹೇಳಿದ ಬಣ್ಣಗಳೊಳಗೇ ಇತ್ತು. ಮಚ್ಚೆ, ಹಚ್ಚೆ ಇರುವಲ್ಲಿ ಬೇಡ ಎಂದಿತ್ತು, ಅವಳಿಗೆ ಎರಡೂ ಇರಲಿಲ್ಲ. ಮೊದಲು ಒಂದು ಚೂರು ಜಾಗದಲ್ಲಿ ಹಾಕಿ, ಒಂದು ದಿನ ಕಾದು ನೋಡಿ ಎಂದಿತ್ತು. ದವಡೆಯ ಕೆಳಗೆ ಹಾಕಿ ಕಾದರು, ಏನೂ ಆಗಲಿಲ್ಲ.

ಮರುದಿನ ಪುಟ್ಟಿ ನುಣ್ಣಗೆ ರೇಜರ್ ಹಾಕಿ, ಮುಖ ತೊಳೆದು ಬಂದಳು. ಮೆಷಿನ್ ಹಿಡಿದ ಅಕ್ಕನಿಗೆ ಒಂದು ಪೇಚು ಎದುರಾಯಿತು. ಬೆಳಕು ಬಿದ್ದ ಜಾಗ ಯಾವುದು, ಬೀಳದ ಜಾಗ ಯಾವುದು? ಹೋದಲ್ಲೇ ಮತ್ತೆ ಹೋಗಬಾರದು, ಬಿಟ್ಟೂ ಹೋಗಬಾರದು. ಚೀಲದಿಂದ ಬಟ್ಟೆಗೆ ಗುರುತು ಹಾಕುವ ಕಪ್ಪು ಪೆನ್ನು ತೆಗೆದಳು.

"ಅದೇನಕ್ಕ?"

"ಗೆರೆ ಹಾಕ್ತೀನಿ, ಅಲ್ಲಾಡ್ಬೇಡ."

ಈ ಕಿವಿಯಿಂದ ಆ ಕಿವಿಯವರೆಗೆ ಸಣ್ಣ ಸಣ್ಣ ಚೌಕಗಳು ಬಿದ್ದವು. ಪುಟ್ಟಿ ಕನ್ನಡಿ ನೋಡಿ, "ಬ್ಲೌಸ್ ಪೀಸ್ ಆಗ್ಬಿಟ್ಟೆ," ಎಂದು ನಕ್ಕಳು. ಆಮೇಲೆ ಆ ಮನೆಯಲ್ಲಿ ಬಹಳ ದಿನ ನಗು ಕೇಳಲಿಲ್ಲ.

ಮೆಷಿನ್ ಬೆಳಕು ಕಪ್ಪನ್ನು ಹುಡುಕಿಕೊಂಡು ಹೋಗಿ ಸುಡುತ್ತದೆ. ಕೂದಲಿನ ಕಪ್ಪೋ ಶಾಯಿಯ ಕಪ್ಪೋ ಅದಕ್ಕೇನು ಗೊತ್ತು? ಮೊದಲ ಚೌಕಕ್ಕೇ ಪುಟ್ಟಿ, "ತುಂಬಾ ಉರಿಯುತ್ತೆ ಅಕ್ಕ," ಎಂದಳು.

"ರಬ್ಬರ್ ಬ್ಯಾಂಡ್ ಹೊಡೆದ ಹಾಗೆ ಇರುತ್ತಂತೆ, ಸ್ವಲ್ಪ ತಡ್ಕೊ."

ಅಕ್ಕ ಹೇಳಿದ್ದಕ್ಕೆಲ್ಲ ತಡೆದುಕೊಂಡು ಬೆಳೆದ ಹುಡುಗಿ ಇದನ್ನೂ ತಡೆದುಕೊಂಡಳು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿದಾಗಲೇ ಅಕ್ಕ ಕೈ ನಿಲ್ಲಿಸಿದ್ದು. ಅಷ್ಟರಲ್ಲಿ ಅರ್ಧ ದವಡೆ ಮುಗಿದಿತ್ತು. ಗೆರೆಗಳು ಬೊಬ್ಬೆ ಎದ್ದವು, ಬೊಬ್ಬೆ ಒಡೆದು ಹಕ್ಕಳೆಗಟ್ಟಿದವು. ಕೆಲಸಕ್ಕೆ ಸೇರಬೇಕಾದ ದಿನ ಅಂಗಡಿಯ ಯಜಮಾನರು ಮುಖ ನೋಡಿ, "ವಾಸಿಯಾದ ಮೇಲೆ ಬಾಮ್ಮ," ಎಂದರು. ವಾರದೊಳಗೆ ಆ ಜಾಗದಲ್ಲಿ ಬೇರೆ ಹುಡುಗಿ ನಿಂತಿದ್ದಳು.

ಚರ್ಮದ ಡಾಕ್ಟರು ವಯಸ್ಸಾದ ಹೆಂಗಸು, ಮುಖದ ಮೇಲೆ ಹೊಡೆದ ಹಾಗೆ ಮಾತಾಡುವವರು. ಭೂತಕನ್ನಡಿ ಹಿಡಿದು ಆ ಚೌಕಗಳನ್ನು ನೋಡಿದರು.

"ಇದೇನು, ಗೆರೆ ಎಳೆದು ಸುಟ್ಟ ಹಾಗಿದೆ! ಶಾಯಿ ಹಚ್ಚಿ ಅದರ ಮೇಲೆ ಬೆಳಕು ಬಿಟ್ರಾ? ಯಾರು ಮಾಡಿದ್ದು?"

ಪುಟ್ಟಿ ಕೈಬೆರಳು ನೋಡುತ್ತ ಕೂತಿದ್ದಳು. ಅವಳ ಕುರ್ಚಿಯ ಹಿಂದೆ ನಿಂತಿದ್ದ ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಕಾರ್ಖಾನೆಯಲ್ಲಿ ಇನ್ನೊಬ್ಬರ ತಪ್ಪಿಗೆ ಊರಿಗೆಲ್ಲ ಕೇಳುವಂತೆ ಕೂಗುವ ಬಾಯಿ ಅದು.

"ಕೇಳಿದ್ದು ನಿಮ್ಮಿಬ್ಬರನ್ನೂ. ಯಾರು ಮಾಡಿದ್ದು?"

"ನಾನೇ ಡಾಕ್ಟರೇ," ಎಂದಳು ಪುಟ್ಟಿ.

"ಓದಿದ ಹುಡುಗಿ, ಇಷ್ಟೂ ಬುದ್ಧಿ ಬೇಡ್ವಾ? ಉರಿ ಶುರುವಾದಾಗ್ಲಾದ್ರೂ ನಿಲ್ಲಿಸಬಾರದಿತ್ತಾ?" ಡಾಕ್ಟರು ಇನ್ನೂ ಏನೇನೋ ಬೈದರು. ಕಲೆ ತಿಳಿಯಾಗಲು ತಿಂಗಳುಗಳೇ ಬೇಕು, ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ, ಬಿಸಿಲಿಗೆ ಮುಖ ಒಡ್ಡಬೇಡ ಎಂದರು. ಇಷ್ಟು ಕೂದಲು ಯಾಕೆ ಬರುತ್ತಿದೆಯೆಂದು ಮೊದಲೇ ರಕ್ತ ಪರೀಕ್ಷೆ ಮಾಡಿಸಬೇಕಿತ್ತು ಎಂದರು. ಪುಟ್ಟಿ ತಲೆ ತಗ್ಗಿಸಿ ಎಲ್ಲಕ್ಕೂ ಹೂಂ ಎಂದಳು. ಅಕ್ಕ ಆಗಲೂ ಬಾಯಿ ಬಿಡಲಿಲ್ಲ. ಇಷ್ಟು ವರ್ಷ ತಂಗಿಗೆ ತಾನೇ ಆಸರೆ ಎಂದುಕೊಂಡಿದ್ದವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೊರಗೆ ಬಂದ ಮೇಲೆ ಕೇಳಿದಳು: "ನಾನೇ ಅಂತ ಯಾಕೆ ಹೇಳ್ದೆ?"

ಪುಟ್ಟಿ ದುಪಟ್ಟಾವನ್ನು ಮೂಗಿನವರೆಗೆ ಸುತ್ತಿಕೊಳ್ಳುತ್ತಿದ್ದಳು. ದನಿಯಲ್ಲಿ ಕೋಪವಿರಲಿಲ್ಲ.

"ನೀನು ಹೇಳ್ತೀಯೇನೋ ಅಂತ ಕಾದೆ ಅಕ್ಕ. ಅವರು ಎರಡು ಸಲ ಕೇಳಿದ್ರಲ್ಲ."