ಸಭೆಗೆ ಸೇರಿದವರು

ಚರ್ಚಿನಲ್ಲಿ ಪ್ರಭುವಿನ ಭೋಜನದ ಮೇಜಿಗೆ ಹಾಸುವ ಬಟ್ಟೆ ಹನ್ನೆರಡು ಮೊಳ ಉದ್ದ. ಒಬ್ಬರಿಂದ ಅದನ್ನು ಹಿಂಡಲು ಆಗುವುದಿಲ್ಲ. ಆ ಶನಿವಾರ ಬೆಳಿಗ್ಗೆ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ತುದಿ ನನ್ನ ಹಿರಿಮಗಳು ಲೆಟ್ಟಿಯ ಕೈಯಲ್ಲಿ. ನಾನು ಬಲಕ್ಕೆ ತಿರುಚಿದರೆ ಅವಳು ಎಡಕ್ಕೆ. ಏಳು ವರ್ಷದ ಟೆಂಪಿ ಕೋಲು ಹಿಡಿದು, ಒಣಹಾಕಿದ ಬಟ್ಟೆಗಳ ಬಳಿ ಕೋಳಿಗಳು ಸುಳಿಯದಂತೆ ಕಾಯುತ್ತಿದ್ದಳು.

"ಅವ್ವಾ, ಗಟ್ಟಿಯಾಗಿ ಹಿಂಡೇ. ನಾಳೆ ಒದ್ದೆ ಉಳಿದ್ರೆ ಹಿರಿಯರೆಲ್ಲ ಮೊಣಕೈ ನೆನೆಸ್ಕೊಂಡು ರೊಟ್ಟಿ ತಿನ್ಬೇಕಾಗುತ್ತೆ," ಎಂದಳು ಲೆಟ್ಟಿ.

"ಬಾಯಲ್ಲಿರೋ ಬಲ ಸ್ವಲ್ಪ ಕೈಗೂ ಇಳಿಸು," ಎಂದೆ.

ಅವಳಿಗೆ ಹದಿನಾಲ್ಕು. ಮರುದಿನ ಅವಳು ಮೊದಲ ಸಲ ರೊಟ್ಟಿ, ದ್ರಾಕ್ಷಾರಸದ ಆ ಭೋಜನಕ್ಕೆ ಕೂರುವವಳಿದ್ದಳು. ಅದರ ಸಂತೋಷವನ್ನು ಹೀಗೆ ಕೀಟಲೆಯಲ್ಲಿ ಹೊರಹಾಕುತ್ತಿದ್ದಳು.

ಅಷ್ಟರಲ್ಲಿ ಹಿಪ್ಪುನೇರಳೆ ಮರದ ಕಡೆಯಿಂದ ಕುದುರೆಗಾಡಿ ಬಂತು. ಸಭೆಯ ಹಿರಿಯರಾದ ಸ್ಪ್ರೂಲ್ ಅವರು ಇಳಿದರು. ಅವರ ಹಿಂದೆ ದೂರದ ಅಲಬಾಮದಿಂದ ಬಂದಿದ್ದ ಅವರ ತಂಗಿ, ತಂಗಿಯ ಗಂಡ.

"ಬಟ್ಟೆ ಹಾಗೇ ಇರ್ಲಿ, ಲೆಟ್ಟಿ. ಇಲ್ಲಿ ಬಾ. ಈ ಅಮ್ಮನವರಿಗೆ ನಿನ್ನ ಪಾಠ ಒಪ್ಪಿಸು ನೋಡೋಣ."

ಲೆಟ್ಟಿ ತನ್ನ ತುದಿಯನ್ನು ನನ್ನ ಹೆಗಲ ಮೇಲೆ ಹಾಕಿ, ಕೈ ಒರೆಸಿಕೊಂಡು ಹೋಗಿ ನಿಂತಳು. ಹಿರಿಯರು ಕೇಳಿದರು, ಅವಳು ಹೇಳಿದಳು.

"ನಿನ್ನನ್ನು ಉಂಟುಮಾಡಿದವರು ಯಾರು?"

"ದೇವರು."

"ನಿನ್ನನ್ನು ಯಾರ ಕೈಗೆ ಕೊಟ್ಟಿದ್ದಾನೆ?"

"ತನ್ನ ಸಭೆಯ ಕೈಗೆ."

"ಸಭೆಗೆ ನೀನು ಏನು ಸಲ್ಲಿಸಬೇಕು?"

"ಪ್ರೀತಿ, ವಿಧೇಯತೆ, ಕಳ್ಳತನವಿಲ್ಲದ ದುಡಿಮೆ."

ಹೌದು, ನಾವು ಮಲ್ಬೆರಿ ಫೋರ್ಡ್ ಸಭೆಯ ಸ್ವತ್ತು, ಆ ಚರ್ಚಿನ ಗುಲಾಮರು. ಮಕ್ಕಳಿಲ್ಲದ ಒಬ್ಬ ವಿಧವೆ ಸಾಯುವಾಗ ನನ್ನ ಅಜ್ಜಿಯನ್ನು ಸಭೆಯ ಹೆಸರಿಗೆ ಬರೆದಿಟ್ಟಿದ್ದಳು. ಅಜ್ಜಿಯಿಂದ ನನ್ನ ಅವ್ವ, ಅವ್ವನಿಂದ ನಾನು, ನನ್ನಿಂದ ಇವರಿಬ್ಬರು. ಹೊಸವರ್ಷದ ದಿನ ನಮ್ಮವರನ್ನು ಸುತ್ತಲಿನ ಮನೆಗಳಿಗೆ ವರ್ಷದ ಬಾಡಿಗೆಗೆ ಕಳಿಸುತ್ತಿದ್ದರು. ಅದರಿಂದ ಸಭೆಯ ಬೋಧಕರಾದ ಟಾರ್ಬೆಟ್ ಅಯ್ಯನವರ ಸಂಬಳ ನಡೆಯುತ್ತಿತ್ತು. ನಾನು ಇದನ್ನು ಭಾಗ್ಯವೆಂದೇ ತಿಳಿದಿದ್ದೆ. ಒಡೆಯ ಸತ್ತರೆ ಅವನ ಜನರನ್ನು ಮಕ್ಕಳು ಪಾಲು ಹಾಕಿಕೊಳ್ಳುತ್ತಾರೆ, ತಾಯಿ ಒಂದು ಕಡೆ, ಕೂಸು ಒಂದು ಕಡೆ. ಸಭೆಗೆ ಸಾವಿಲ್ಲವಲ್ಲ. ಜ್ವರದಲ್ಲಿ ತೀರಿಕೊಂಡ ನನ್ನ ಗಂಡನಿಗೂ ಕೊನೆಯಲ್ಲಿ ಇದನ್ನೇ ಹೇಳಿ ಸಮಾಧಾನ ಮಾಡಿದ್ದೆ.

ಅಲಬಾಮದ ಅಮ್ಮ ತಲೆದೂಗಿದಳು. ನನಗೆ ಎದೆ ಉಬ್ಬಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು.

"ಹತ್ತು ಆಜ್ಞೆಗಳೂ ಬಾಯಿಗೆ ಬರುತ್ತವೆ, ಒಡೆಯಾ," ಎಂದೆ. "ಹೊಲಿಗೆ ಮಾಡುವಾಗ ಕೀರ್ತನೆ ಹೇಳ್ತಾಳೆ. ಒಂದು ಸಕ್ಕರೆ ಹರಳು ಕದ್ದವಳಲ್ಲ. ಹಾಡೇ, ಲೆಟ್ಟಿ."

ಲೆಟ್ಟಿ ಹಾಡಿದಳು.

ಅವರು ಹೋದ ಮೇಲೆ ಆಂಬ್ರೋಸ್ ಅಜ್ಜ ಗುದ್ದಲಿ ಹೆಗಲಿಗಿಟ್ಟುಕೊಂಡು ಬಂದ. ಸಭೆಯ ಸ್ಮಶಾನದಲ್ಲಿ ಗುಂಡಿ ತೋಡುವವನು ಅವನು. ಅವನೂ ಸಭೆಯ ಸ್ವತ್ತೇ.

"ಸಂತೇಲಿ ಕುದುರೇನ ಓಡಿಸಿ ತೋರಿಸ್ತಾರೆ, ಸಿಲ್ವಿ. ನೀನು ಹಾಡಿಸಿ ತೋರಿಸಿದೆ."

"ನಿನ್ನ ಬಾಯಿಗೆ ಮಣ್ಣು ಬೀಳ."

"ದಿನಾ ಬೀಳುತ್ತೆ, ತಾಯಿ. ನನ್ನ ಕೆಲಸವೇ ಅದು." ಅವನು ನಗಲಿಲ್ಲ. "ಆ ಹೆಂಗಸು ಹುಡುಗಿಯ ಕೈಬೆರಳು ನೋಡ್ತಿದ್ಲು. ನೀನು ನೋಡ್ಲಿಲ್ವಾ?"

ನಾನು ನೋಡಿರಲಿಲ್ಲ. ಮಗಳ ಮುಖವನ್ನಷ್ಟೇ ನೋಡುತ್ತಿದ್ದೆ.

ಭಾನುವಾರ ನಾವು ಎಂದಿನಂತೆ ಮೇಲಿನ ಅಟ್ಟದ ಬೆಂಚುಗಳಲ್ಲಿ ಕೂತೆವು. ಕೆಳಗೆ ಕೂತ ಬಿಳಿಯರ ಭೋಜನ ಮುಗಿದ ಮೇಲೆ ನಮ್ಮ ಸರದಿ. ಅಯ್ಯನವರು ಆ ದಿನ ದೂರದ ಹಿಂದೂ ದೇಶದ ಬಗ್ಗೆ ಬೋಧಿಸಿದರು. ಅಲ್ಲಿ ಗಂಗೆ ಎಂಬ ಹೊಳೆಯಿದೆಯಂತೆ, ತಾಯಂದಿರು ತಮ್ಮ ಎಳೆಯ ಮಕ್ಕಳನ್ನು ಅದರಲ್ಲಿನ ಮೊಸಳೆಗಳಿಗೆ ಎಸೆಯುತ್ತಾರಂತೆ. ಅದರ ಚಿತ್ರವನ್ನು ಅಟ್ಟದ ಮೆಟ್ಟಿಲ ಬಳಿ ಅಂಟಿಸಿದ್ದರು. ಟೆಂಪಿ ತಿಂಗಳುಗಳಿಂದ ಆ ಚಿತ್ರದ ಮುಂದೆ ನಿಂತು ನಿಂತು ಹೋಗುತ್ತಿದ್ದಳು.

"ಅವ್ವಾ, ಒಂದು ಕೇಳ್ಲಾ?" ಎಂದು ಅವಳು ಪಿಸುಗುಟ್ಟಿದಳು.

"ಕೇಳೋದು ಅಯ್ಯನೋರ ಕೆಲಸ. ನಾವು ಹೇಳೋರು. ಸುಮ್ನೆ ಕೂತ್ಕೋ."

ಸ್ಪ್ರೂಲ್ ಹಿರಿಯರು ಎದ್ದು ನಿಂತರು. ಆ ಕತ್ತಲ ದೇಶಕ್ಕೆ ಒಬ್ಬ ಬೋಧಕನನ್ನು ಕಳಿಸಲು ನಮ್ಮ ಸಭೆಯೂ ಕಾಣಿಕೆ ಕೊಡಬೇಕೆಂದು ಹಿರಿಯರೆಲ್ಲ ತೀರ್ಮಾನಿಸಿದ್ದಾರೆ ಎಂದರು. ಅದಕ್ಕಾಗಿ ಲೆಟ್ಟಿ ಎಂಬ ಹುಡುಗಿಯನ್ನು ಅಲಬಾಮದ ಒಂದು ಭಕ್ತಿಯುಳ್ಳ ಮನೆಗೆ ಮಾರಲಾಗಿದೆ, ದೋಣಿ ನಾಳೆ ಹೊರಡುತ್ತದೆ ಎಂದರು. ಕೆಳಗೆ ತಲೆಗಳು ಬಾಗಿದವು. ಯಾರೋ ಆಮೆನ್ ಅಂದರು.

ಆಮೇಲೆ ನಮ್ಮನ್ನು ಕರೆದರು. ಲೆಟ್ಟಿ ಇಳಿದು ಹೋಗಿ ಆ ಬಿಳಿ ಬಟ್ಟೆಯ ಮುಂದೆ ಕೂತಳು. ಸ್ಪ್ರೂಲ್ ಹಿರಿಯರೇ ಅವಳ ಕೈಗೆ ರೊಟ್ಟಿ ಕೊಟ್ಟರು, "ತೆಗೆದುಕೋ, ಸಹೋದರಿ," ಎಂದರು. ಅವಳು ತೆಗೆದುಕೊಂಡಳು. ನಾನೂ ತೆಗೆದುಕೊಂಡೆ. ಅದನ್ನು ಉಗಿಯಲು ಧೈರ್ಯ ಬರಲಿಲ್ಲ.

ಮಧ್ಯಾಹ್ನ ಅಯ್ಯನವರ ಹಿತ್ತಲ ಬಾಗಿಲಿಗೆ ಹೋದೆ. ಅವರು ಕೆಟ್ಟವರಲ್ಲ. ನನ್ನ ಗಂಡನ ಹಾಸಿಗೆಯ ಬಳಿ ಇಡೀ ದಿನ ಕೂತು ಅವನ ಬಾಯಿಗೆ ನೀರು ಬಿಟ್ಟವರು.

"ಅಯ್ಯನೋರೇ, ಅವಳ ಬದ್ಲು ನನ್ನ ಕಳಿಸಿ."

"ಅವರು ಕೇಳಿದ್ದು ನಿನ್ನನ್ನಲ್ಲ, ಸಿಲ್ವಿ." ಮೆತ್ತಗೆ ಹೇಳಿದರು. "ಅವರಿಗೆ ಬೇಕಾಗಿದ್ದು ದೇವರ ಭಯ ಇರೋ ಹುಡುಗಿ. ನೀನು ಅವಳನ್ನ ಅಷ್ಟು ಚೆನ್ನಾಗಿ ಬೆಳೆಸಿದ್ದೀಯ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಬೈಬಲಲ್ಲಿ ಬರೋ ಆ ತಾಯಿ ನೆನಪಿದ್ದಾಳಾ?" ಎಂದರು. "ಹರಕೆ ಹೊತ್ತು ಪಡೆದ ಮಗನನ್ನ ದೇವಾಲಯಕ್ಕೆ ಕೊಟ್ಟಳು. ನಿನ್ನದೂ ಅಂಥದೇ ಕಾಣಿಕೆ ಅಂದ್ಕೋ."

"ಅವಳು ತಾನಾಗಿ ಕೊಟ್ಟಳು, ಅಯ್ಯನೋರೇ. ವರ್ಷಕ್ಕೊಂದು ಅಂಗಿ ಹೊಲಿದು ತಗೊಂಡು ಹೋಗಿ ಮಗನ ಮುಖ ನೋಡಿ ಬರ್ತಿದ್ದಳು. ನೀವೇ ಪಾಠ ಹೇಳಿದ್ರಿ. ನಾನು ಅಲಬಾಮಕ್ಕೆ ಹೇಗೆ ಹೋಗ್ಲಿ?"

ಅವರ ಕಣ್ಣು ತುಂಬಿತು.

"ಹಿರಿಯರು ಕೈಯೆತ್ತಿ ಆಗಿದೆ. ನಾನು ಅವರ ಅನ್ನ ತಿನ್ನೋನು," ಎಂದರು. "ಬಾ, ಪ್ರಾರ್ಥನೆ ಮಾಡೋಣ."

ನಾನು ಮೊಣಕಾಲೂರಿದೆ. ಅವರು ಪ್ರಾರ್ಥಿಸಿದರು. ನಾನು ಅವರ ಬೂಟಿನ ಮೇಲಿನ ಕೆಸರನ್ನು ನೋಡುತ್ತಿದ್ದೆ.

ಸೋಮವಾರ ಬೆಳಿಗ್ಗೆ ಹೊಳೆಯ ದಡಕ್ಕೆ ನಡೆದೆವು. ಹೊಗೆಸೊಪ್ಪಿನ ಪೀಪಾಯಿಗಳನ್ನು ತುಂಬಿದ ಉದ್ದನೆಯ ದೋಣಿ ನಿಂತಿತ್ತು. ಬೂದಿಯಲ್ಲಿ ಸುಟ್ಟ ಮೆಕ್ಕೆಜೋಳದ ರೊಟ್ಟಿ ನಾಲ್ಕನ್ನು ಕೋಸಿನ ಎಲೆಯಲ್ಲಿ ಸುತ್ತಿ ಲೆಟ್ಟಿಗೆ ಕೊಟ್ಟೆ. ಅವಳು ಅದನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡಳು.

"ನಾನು ಚೆನ್ನಾಗಿ ಹಾಡಬಾರದಿತ್ತು, ಅಲ್ವೇನವ್ವಾ?"

"ತಪ್ಪು ನಿನ್ನದಲ್ಲ, ಕೂಸೇ. ಹಾಡು ಅಂದವಳು ನಾನು."

ಅವಳು ನನ್ನ ಕೆನ್ನೆ ಒರೆಸಿದಳು. "ಆ ಬಟ್ಟೆ ಹಿಂಡೋದನ್ನ ಟೆಂಪಿಗೆ ಕಲಿಸು. ಇಲ್ದಿದ್ರೆ ಇಬ್ರೂ ಒಂದೇ ಕಡೆ ತಿರುಚ್ತೀರ." ನಗಲು ನೋಡಿದಳು, ಆಗಲಿಲ್ಲ. ದೋಣಿಯವನು ಕೋಲು ಊರಿದ. ತಿರುವಿನಲ್ಲಿ ಅವಳ ತಲೆವಸ್ತ್ರ ಕಾಣುವವರೆಗೂ ಟೆಂಪಿ ಕೈ ಆಡಿಸುತ್ತಿದ್ದಳು. ಕಾಣದಾದ ಮೇಲೂ ಆಡಿಸಿದಳು.

"ಅವ್ವಾ, ಒಂದು ಕೇಳ್ಲಾ?"

"ಈಗ ಬೇಡ, ಮಗಾ."

ಮನೆಗೆ ಬಂದರೆ ದ್ರಾಕ್ಷಾರಸದ ಕಲೆಯಾದ ಅದೇ ಬಟ್ಟೆ ಒಗೆಯಲು ಕಾದಿತ್ತು. ಒಂದು ತುದಿಯನ್ನು ಹಿಪ್ಪುನೇರಳೆ ಮರಕ್ಕೆ ಕಟ್ಟಿ ಒಬ್ಬಳೇ ಹಿಂಡಿದೆ. ಮರ ತಿರುಗಿ ತಿರುಚುವುದಿಲ್ಲ. ನೀರು ಪೂರ್ತಿ ಇಳಿಯಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಅಯ್ಯನವರು ನಮ್ಮ ಮಕ್ಕಳನ್ನು ಪಾಠಕ್ಕೆ ಕೂರಿಸಿದರು. ಸ್ಪ್ರೂಲ್ ಹಿರಿಯರು ಕಿಟಕಿಯ ಬಳಿ ಕೂತಿದ್ದರು. ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಅಯ್ಯನವರ ದನಿ ಬಳಲಿದಂತಿತ್ತು, ನನ್ನ ಕಡೆ ನೋಡಲಿಲ್ಲ.

"ಆ ದೂರದೇಶದ ತಾಯಂದಿರು ಮಕ್ಕಳನ್ನು ಹೊಳೆಗೆ ಎಸೆಯುವುದೇಕೆ?"

"ನಿಜವಾದ ದೇವರನ್ನು ಅರಿಯದ ಕಾರಣ," ಎಂದರು ಮಕ್ಕಳು ಒಕ್ಕೊರಲಿನಿಂದ.

ಟೆಂಪಿ ಬಾಯಿ ತೆರೆಯಲಿಲ್ಲ.

"ಟೆಂಪಿ, ನೀನೂ ಹೇಳು."

ಅವಳು ಎದ್ದು ನಿಂತಳು. ತಿರುಗಿ ನನ್ನನ್ನು ನೋಡಿದಳು. ಏಳು ವರ್ಷ ನಾನು ಅವಳಿಗೆ ಬೇಡವೆಂದು ತಲೆಯಾಡಿಸಿದ್ದೆ. ಪಕ್ಕದಲ್ಲಿ ನಿಂತಿದ್ದ ಆಂಬ್ರೋಸ್ ಅಜ್ಜ ನನ್ನ ತೋಳು ಹಿಡಿದ. ನಾನು ತಲೆಯಾಡಿಸಲಿಲ್ಲ, ಸುಮ್ಮನೆ ಅವಳನ್ನೇ ನೋಡಿದೆ.

ಅವಳು ಮುಂದಕ್ಕೆ ತಿರುಗಿದಳು.

"ಅಯ್ಯನೋರೇ, ನಮ್ಮಕ್ಕನ್ನ ಹೊಳೇಲಿ ಕಳಿಸಿದೋರಿಗೆ ದೇವರು ಗೊತ್ತಿದ್ನಾ?"