ಬೆಳ್ಳಿಯ ಬ

ಗಂಡನ ಅಂಗಿಯ ತೋಳಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ, ಒಂದು ಹನಿ, ಆಮೇಲೆ ಇನ್ನೊಂದು, ಆಸ್ಪತ್ರೆಯ ನೆಲದ ಮೇಲೆ ಅಂಗೈಯಷ್ಟು ಕೊಳ ಕಟ್ಟಿದೆ, ಒರೆಸುವ ಹೆಂಗಸು ಎರಡು ಸಲ ಬಂದು ಒರೆಸಿಕೊಂಡು ಹೋದಳು, ಬೈದಿದ್ದರೆ ಚೆನ್ನಾಗಿತ್ತು, ಯಾರಾದರೂ ಈಗ ಸುಮ್ಮಸುಮ್ಮನೆ ಬೈದರೆ ಇವತ್ತೂ ಉಳಿದ ದಿನಗಳ ಹಾಗೆ ಒಂದು ದಿನ ಆಗಿಬಿಡುತ್ತಿತ್ತು — ಅದು ಉಪ್ಪುನೀರು, ಅಣ್ಣ ಮುಳುಗಿದ್ದ ಕೊಳದ್ದು, ಅವನನ್ನು ದಡಕ್ಕೆ ತಬ್ಬಿ ಎಳೆದಾಗ ಗಂಡನ ಮೈಗೆಲ್ಲ ಹತ್ತಿದ್ದು, ಎದುರಿನ ಬಾಗಿಲಾಚೆ ಅಣ್ಣ ಮಲಗಿದ್ದಾನೆ, ಅವಳ ಒಡಹುಟ್ಟಿದ ಒಬ್ಬನೇ ಒಬ್ಬ, ಮೂಗಿಗೆ ಬಾಯಿಗೆ ಕೊಳವೆ, ಡಾಕ್ಟರು ಹೊರಗೆ ಬಂದು ಹೇಳಿದ್ದು ಇಷ್ಟೇ, ಉಸಿರು ಬಂದಿದೆ, ಎಚ್ಚರ ಬಂದಿಲ್ಲ, ಎಚ್ಚರ ಬಂದ್ರೆ ಅರ್ಧ ಗೆದ್ದ ಹಾಗೆ, ನಾಳೆವರೆಗೆ ನೋಡ್ಬೇಕಮ್ಮ. ನಾಳೆವರೆಗೆ ಎಷ್ಟು ಹನಿ. ಗಂಡ ಪಕ್ಕದಲ್ಲಿ ಕೂತು ತನ್ನ ಮೊಣಕಾಲನ್ನೇ ನೋಡುತ್ತ, ಯಾರಿಗೆ ಹೇಳುತ್ತಿದ್ದಾನೋ ತನಗೇ ಗೊತ್ತಿಲ್ಲದವನ ಹಾಗೆ ಈಗಷ್ಟೇ ಅಂದ, ಕೊನೇ ತನಕ ಬೆಳ್ಳಿ ಬೆಳ್ಳಿ ಅಂತಿದ್ರು ಕಣೇ ಭಾವ, ಐದಾರು ಸಲ ಅಂದ್ರು, ನಾನು ಮೇಲೆ ನಿಂತು ನಗ್ತಿದ್ದೆ, ಆಮೇಲೆ ಸುಮ್ಮನಾದ್ರು, ಸುಮ್ಮನಾದ್ಮೇಲೇ ನಾನು ಎಳೆದಿದ್ದು. ಅವಳು ಹೂಂ ಅಂದಳು. ಹೂಂ ಅಂದ ಮೇಲೆ ಹೊಳೆಯಿತು — ಬೆಳ್ಳಿ ಅಂದನೇ, ಅಣ್ಣ, ನೀರಿನೊಳಗಿಂದ, ಬ ಸೇರಿಸಿ?

ಬೆಳ್ಳಿ ಅಂದರೆ ತಿಮಿಂಗಿಲ, ಹೆಸರು ಇಟ್ಟವಳು ಇವಳೇ, ಇನ್ಯಾರೂ ಅಲ್ಲ. ಮೂವರಿಗೂ ಮೀನುಮನೆಯಲ್ಲೇ ಕೆಲಸ, ದೊಡ್ಡ ದೊಡ್ಡ ಗಾಜಿನ ಕೊಳಗಳಲ್ಲಿ ಕಡಲ ಜೀವಿಗಳನ್ನು ಸಾಕಿ ಜನರಿಗೆ ತೋರಿಸುವ ಜಾಗ, ಅಣ್ಣ ನೀರೊಳಗೆ ಇಳಿದು ಗಾಜಿನ ಪಾಚಿ ಉಜ್ಜುವವನು, ಗಂಡ ದಡದಲ್ಲಿ ನಿಂತು ಅಣ್ಣನ ಸೊಂಟದ ಹಗ್ಗ ಹಿಡಿಯುವವನು, ಇವಳು ಮಹಡಿಯ ಕೋಣೆಯಲ್ಲಿ ಕೂತು ಪ್ರತಿ ಕೊಳದ ಮುಂದಿನ ಫಲಕ ಬರೆಯುವವಳು, ಅಣ್ಣನ ಬಾಯಲ್ಲಿ ಅಕ್ಷರದಮ್ಮ, ಗಂಡ ಹಗ್ಗದೊರೆ, ಏ ಹಗ್ಗದೊರೆ, ನನ್ನ ಪ್ರಾಣ ನಿನ್ನ ಕೈಲಿದೆ, ಆ ಕೈಲಿ ಮೈ ಕೆರ್ಕೋಬೇಡ, ಅಂತ ದಿನಾ ಇಳಿಯುವ ಮುಂಚೆ ಒಂದು ಮಾತು. ಬಿಳಿ ತಿಮಿಂಗಿಲ ಬಂದಾಗ ಅದರ ಕಾಗದದಲ್ಲಿ ಬೆಲುಗ ಎಂದಷ್ಟೇ ಇತ್ತು, ಅವಳು ನಿಘಂಟು ಹುಡುಕಿದಳು, ಮೂರು ದಿನ ಅದೇ ಗುಂಗು, ಊಟ ಮಾಡುವಾಗಲೂ ಅದೇ — ಗೊತ್ತಾ ಅಣ್ಣ, ರಷ್ಯನ್ನರ ಮಾತಿನಲ್ಲಿ ಬೆಲಿ ಅಂದ್ರೆ ಬಿಳಿ, ನಮ್ಮದೇ ಪದ ಇದ್ದ ಹಾಗಿದೆ, ಬೆಳ್ಳಗೆ, ಬೆಳಕು, ಬೆಳದಿಂಗಳು, ನಂಟೇನೂ ಇಲ್ಲ, ಸುಮ್ಮನೆ ಕೂಡಿಬಂದಿದೆ, ಆದರೂ ನೋಡು! ಅಣ್ಣ ತಟ್ಟೆಯಿಂದ ತಲೆ ಎತ್ತದೆ, ಹಾಗಾದ್ರೆ ಬೆಳ್ಳಿ ಅಂತ ಕರಿಯೇ, ಆ ಬೆಲುಗ ಗಿಲುಗ ನನ್ನ ಬಾಯಲ್ಲಿ ಹೊರಳಲ್ಲ ಅಂದ, ಅಲ್ಲ, ಅವನಲ್ಲ ಅಂದದ್ದು, ತಾನೇ, ಬೆಳ್ಳಿ ಅನ್ನೋಣ ಅಂದದ್ದು ತಾನೇ, ಅವನು ಚಪ್ಪಾಳೆ ತಟ್ಟಿದ, ಈಗ ಅವನ ತಲೆಗೆ ಕಟ್ಟುವುದು ಬೇಡ. ಫಲಕದಲ್ಲಿ ಇನ್ನೂ ಬರೆದಳು, ಬೆಲುಗ ಎಂಬ ಹೆಸರು ಒಂದು ಮೀನಿಗೂ ಇದೆ, ಸಿರಿವಂತರು ಚಮಚದಲ್ಲಿ ತಿನ್ನುವ ಕರಿ ಮೊಟ್ಟೆ ಆ ಮೀನಿನದು, ಈ ತಿಮಿಂಗಿಲದ್ದಲ್ಲ, ಇದು ಮರಿ ಹಾಕುತ್ತದೆ, ದಯವಿಟ್ಟು ಮೊಟ್ಟೆ ಎಲ್ಲಿ ಎಂದು ಕೇಳಬೇಡಿ — ಜನ ಓದಿ ನಕ್ಕು, ಆಮೇಲೆ ಮೊಟ್ಟೆ ಎಲ್ಲಿ ಅಂತ ಕೇಳುತ್ತಿದ್ದರು. ಜೋರಾಗಿ ಅಳುವವರಿಗೆ ಆ ದೇಶದಲ್ಲಿ ಬೆಲುಗದ ಹಾಗೆ ಅರಚುತ್ತಾರೆ ಅನ್ನುತ್ತಾರಂತೆ, ಪಾಪ ಆ ಮೀನಿಗೆ ದನಿಯೇ ಇಲ್ಲ, ಅರಚುವುದು ತಿಮಿಂಗಿಲ, ಎರಡರ ಹೆಸರೂ ಒಂದೇ ಥರ ಕೇಳಿಸಿ ಒಬ್ಬರ ಕೂಗು ಇನ್ನೊಬ್ಬರ ತಲೆಗೆ ಹೋಯಿತು, ಇದನ್ನೂ ಬರೆದಳು, ಎಷ್ಟು ಚಂದದ ತಪ್ಪು ಅಂದುಕೊಂಡು ಬರೆದಳು. ಮೇಲ್ವಿಚಾರಕರು ಮೆಚ್ಚಿಕೊಂಡಿದ್ದರು.

ಬ ಬರುವುದಿಲ್ಲ. ಅಣ್ಣನ ಬಾಯಲ್ಲಿ, ನೀರೊಳಗೆ, ಬ ಬರುವುದಿಲ್ಲ, ಗಾಳಿಯ ಕೊಳವೆಯ ತುದಿಯ ರಬ್ಬರನ್ನು ಹಲ್ಲಲ್ಲಿ ಕಚ್ಚಿಕೊಂಡಿರುತ್ತಾನೆ, ತುಟಿ ಎರಡೂ ಕೂಡುವುದಿಲ್ಲ, ಬ ಇಲ್ಲ, ಪ ಇಲ್ಲ, ಮ ಇಲ್ಲ, ಗಂಟಲ ಹತ್ತಿರ ಕಟ್ಟಿದ ತಂತಿಯಲ್ಲಿ ದಡದಲ್ಲಿ ಅವನ ದನಿ ಕೇಳಿಸುವ ಪೆಟ್ಟಿಗೆಗೆ ಬರುವುದು ಅರೆಬರೆ ಮಾತು, ಬಕೆಟ್ ಅನ್ನೋಕೆ ಅಕೆಟ್, ಇವಳನ್ನು ಹುಡುಕಿ ಪುಟ್ಟಿ ಎಲ್ಲಿ ಅನ್ನೋಕೆ ಉಟ್ಟಿ ಎಲ್ಲಿ, ಅದನ್ನೇ ಹೇಳಿಕೊಂಡು ರಾತ್ರಿ ಊಟದ ಹೊತ್ತಿಗೆ ಎಷ್ಟು ನಕ್ಕಿಲ್ಲ, ಬೆಳ್ಳಿಯನ್ನು ಮುದ್ದಿಸುವಾಗ ಎಳ್ಳಿ, ಎಳ್ಳಿ, ಬಾರೇ ಬೆಳ್ಳಿ ಅನ್ನೋಕೆ ಆರೇ ಎಳ್ಳಿ, ಗಂಡ ಅಣಕಿಸುತ್ತಿದ್ದ, ನಿಮ್ಮ ಎಳ್ಳಿ ಊಟ ಮಾಡಿದ್ಲಾ ಭಾವ? ಗಂಡನಿಗೆ ಅಭ್ಯಾಸವಾಗಿ ಹೋಗಿತ್ತು, ಎಳ್ಳಿ ಅಂತ ಬಂದರೆ ಬ ತಾನೇ ಹಚ್ಚಿಕೊಂಡು ಕೇಳುತ್ತಿದ್ದ, ಎಲ್ಲರೂ ಹಾಗೇ ಅಲ್ಲವೇ ಕೇಳುವುದು, ಮನೆಯವರ ಮಾತನ್ನು ಪೂರ್ತಿ ಯಾರು ಕೇಳುತ್ತಾರೆ, ಅರ್ಧ ಕೇಳಿ ಅರ್ಧ ಹಚ್ಚಿಕೊಳ್ಳುತ್ತಾರೆ. ಅವಳು ಸೆರಗಿನ ತುದಿ ಸುತ್ತಿ ಉಂಡೆ ಮಾಡಿ ಹಲ್ಲಿನ ನಡುವೆ ಕಚ್ಚಿದಳು, ಗಂಡ ನೋಡುತ್ತಿಲ್ಲ, ಮೆಲ್ಲಗೆ ಬೆಳ್ಳಿ ಅಂದಳು. ಎಳ್ಳಿ. ಇನ್ನೊಂದು ಸಲ. ಎಳ್ಳಿ. ಉಸಿರು ಬಿಗಿಹಿಡಿದು, ಗಾಳಿ ಸಾಲದವನ ಹಾಗೆ, ಇನ್ನೊಂದು ಮಾತು ಹೇಳಿದಳು, ಎಳಿ, ಎಳಿ — ಒಂದೇ, ಎರಡೂ ಒಂದೇ, ತನ್ನ ಕಿವಿಗೇ ಬೇರೆ ಅನ್ನಿಸಲಿಲ್ಲ, ಕಲ್ಲಿನ ಸಂದಿಗೆ ಗಾಳಿಯ ಕೊಳವೆ ಸಿಕ್ಕಿಕೊಂಡಿತ್ತು ಅಂದರಲ್ಲ, ಉಸಿರು ಕಟ್ಟುತ್ತಿರುವವನು ತಿಮಿಂಗಿಲವನ್ನು ಮುದ್ದಿಸುತ್ತಾನೆಯೇ, ಎಳಿ ಅಂದ, ಮೇಲಕ್ಕೆ ಎಳಿ ಅಂದ, ಐದಾರು ಸಲ ಅಂದ. ಒರೆಸುವ ಹೆಂಗಸು ದೂರದಿಂದ ನೋಡುತ್ತಿದ್ದಳು, ಅಳು ತಡಕೋತಿದಾಳೆ ಪಾಪ ಅಂದುಕೊಂಡಿರಬೇಕು.

ಹಗ್ಗ ಜಗ್ಗಬಹುದಿತ್ತಲ್ಲ ಅವನು, ಜಗ್ಗಿರುತ್ತಾನೆ, ಜಗ್ಗದೇ ಇರುತ್ತಾನೆಯೇ, ಆದರೆ ಬೆಳ್ಳಿಗೆ ಹಗ್ಗ ಎಂದರೆ ಆಟ, ಮೂತಿಯಲ್ಲಿ ಹಿಡಿದು ದಿನಕ್ಕೆ ಹತ್ತು ಸಲ ಜಗ್ಗುತ್ತದೆ, ಅದಕ್ಕೇ ಗಂಡ ಹಗ್ಗವನ್ನು ಬಿಗಿ ಹಿಡಿಯುವುದನ್ನು ಬಿಟ್ಟು ಎಷ್ಟು ಕಾಲವಾಯಿತು. ಅವಳು ನೋಡಿದ್ದಾಳೆ. ಇವತ್ತೇ ನೋಡಿದಳು — ಬೇಡ — ಫಲಕದ ಅಂಚಿಗೆ ಬಣ್ಣ ಹಚ್ಚುತ್ತಿದ್ದವಳು ಕತ್ತು ನೋವಾಗಿ ಎದ್ದು ಕಿಟಕಿಗೆ ಬಂದಳು, ಕೆಳಗೆ ಕೊಳ, ದಡದಲ್ಲಿ ಗಂಡ, ಬಲಗೈಯ ಎರಡು ಬೆರಳ ನಡುವೆ ಹಳದಿ ಹಗ್ಗ, ಸಡಿಲವಾಗಿ, ಎರಡು ಸುತ್ತು ನೆಲದ ಮೇಲೆ ಬಿದ್ದಿದೆ, ಪೆಟ್ಟಿಗೆಯ ಕಡೆ ಕಿವಿ ಕೊಟ್ಟು ನಗುತ್ತಿದ್ದಾನೆ, ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಾನೆ, ಅವನ ನಗು ಕಂಡು ಅವಳಿಗೂ ನಗು ಬಂತು, ಏನು ಹೇಳಿದನೋ ಅಣ್ಣ ಅಂದುಕೊಂಡಳು, ಸಂಜೆ ಕೇಳೋಣ ಅಂದುಕೊಂಡು ತಿರುಗಿ ಹೋಗಿ ಕುಂಚ ತಗೊಂಡಳು. ಎರಡು ಬೆರಳು, ಸಡಿಲ ಹಗ್ಗ, ನಗು. ಇದು ಈ ಮನುಷ್ಯನಿಗೆ ಗೊತ್ತಿಲ್ಲ, ಪಕ್ಕದಲ್ಲಿ ಕೂತಿರುವ ಈ ಮನುಷ್ಯನಿಗೆ, ಒಂದು ಇರುವೆ ತುಳಿದರೆ ಅಯ್ಯೋ ಅನ್ನುವವನಿಗೆ, ಭಾವ ಭಾವ ಅಂತ ಹೆಂಡತಿಗಿಂತ ಹೆಚ್ಚು ಹಚ್ಚಿಕೊಂಡವನಿಗೆ, ಇನ್ನೂ ಗೊತ್ತಿಲ್ಲ, ಗೊತ್ತಾದರೆ ಸತ್ತುಹೋಗುತ್ತಾನೆ, ಉಸಿರಾಡಿಕೊಂಡೇ ಸತ್ತುಹೋಗುತ್ತಾನೆ. ಅಣ್ಣ ಎದ್ದರೆ ಹೇಳುತ್ತಾನೆ, ಕಣ್ಣು ಬಿಟ್ಟವನು ಮೊದಲು ಕೇಳುವುದು ಅದನ್ನೇ, ಯಾಕೋ ಎಳೀಲಿಲ್ಲ — ಅಣ್ಣ ಏಳಲಿ, ದೇವರೇ, ಏಳಲಿ, ಎದ್ದು ಮಾತ್ರ ಅದನ್ನು ಮರೆತಿರಲಿ, ಛೀ, ಎಂಥ ಹರಕೆ ಇದು, ಸಾವಿನ ಬಾಯಲ್ಲಿ ಇರುವವನಿಗೆ ಷರತ್ತು ಹಾಕುತ್ತಿದ್ದಾಳೆ, ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು. ಹೆಸರಿಡದೆ ಇದ್ದಿದ್ದರೆ, ಬರೀ ಬೆಲುಗ ಅಂತ ಬಿಟ್ಟಿದ್ದರೆ, ಅಥವಾ ಬಿಳಿಯದು ಅಂತ, ಯಾವ ಹೆಸರಾದರೂ ಸರಿ, ಆ ಎರಡು ಅಕ್ಷರ ಬಿಟ್ಟು.

ಮೇಲ್ವಿಚಾರಕರು ಬಂದರು, ಕೈಯಲ್ಲಿ ಕಾಗದ, ಸ್ಟೂಲ್ ಎಳೆದುಕೊಂಡು ಗಂಡನ ಮುಂದೆ ಕೂತರು, ಒಳ್ಳೆಯ ಮನುಷ್ಯ, ದನಿ ತಗ್ಗಿಸಿ ಅಂದರು, ಈಗ ಕೇಳ್ಬಾರ್ದು, ಗೊತ್ತು, ಆದ್ರೆ ಇವತ್ತೇ ಬರೆದು ಕೊಡ್ಬೇಕು, ಕೊನೇಗೆ ಅವ್ರು ತಂತೀಲಿ ಏನು ಹೇಳಿದ್ರು? ಬೆಳ್ಳಿ ಅಂದ್ರು ಸಾರ್, ಅಂದ ಗಂಡ. ಬೆಳ್ಳಿ ಅಂದ, ಬೆಳ್ಳಿ ಅಂತಾನೇ ಬರ್ಕೊಳ್ಳಿ ಸಾರ್, ಅಂದುಬಿಟ್ಟಳು ಅವಳು, ಯಾರೂ ಅವಳನ್ನು ಕೇಳಿರಲಿಲ್ಲ, ದನಿ ಜೋರಾಯಿತು, ಮೇಲ್ವಿಚಾರಕರು ಪೆನ್ನು ಎತ್ತಿ ಅವಳ ಮುಖ ನೋಡಿದರು, ಗಂಡನೂ ನೋಡಿದ, ಅವಳು ಕಣ್ಣು ಕೆಳಗೆ ಹಾಕಿದಳು. ಹಾಗಲ್ಲಮ್ಮ, ಅವ್ರು ಹೇಗಂದ್ರೋ ಹಾಗೇ ಬರೀಬೇಕು, ಒಂದಕ್ಷರ ಆಚೀಚೆ ಆಗ್ಬಾರ್ದು, ನೀವೇ ಫಲಕ ಬರೆಯೋರು, ನಿಮಗೆ ಹೇಳ್ಬೇಕಾ. ಹೇಗಂದ್ರೋ ಹಾಗೇ ಅಂದ್ರೆ, ಅಂದ ಗಂಡ, ನೇರ ಮನುಷ್ಯ, ಇದ್ದದ್ದು ಇದ್ದ ಹಾಗೆ ಹೇಳದೆ ಗೊತ್ತೇ ಇಲ್ಲದವನು, ರಬ್ಬರ್ ಕಚ್ಚಿರ್ತಾರಲ್ಲ ಸಾರ್, ಬ ಬರಲ್ಲ, ಎಳ್ಳಿ ಅಂತ ಕೇಳ್ಸೋದು, ಎಳ್ಳಿ, ಎಳ್ಳಿ ಅಂತ, ಆಮೇಲಾಮೇಲೆ ಇನ್ನೂ ಸಣ್ಣಕೆ, ಎಳಿ, ಎಳಿ — ನಿಂತ. ಬಾಯಿ ಹಾಗೇ ತೆರೆದಿದೆ. ಮೇಲ್ವಿಚಾರಕರ ಪೆನ್ನು ಕಾಗದದ ಮೇಲೆ ನಿಂತಿದೆ, ಹೂಂ, ಎಳಿ, ಆಮೇಲೆ? ಅವಳು ಅವನ ಕೈ ಹಿಡಿಯಬೇಕು, ಈಗ ಹಿಡಿಯಬೇಕು, ಏನಾದರೂ ಅನ್ನಬೇಕು, ನಿನ್ನ ತಪ್ಪಲ್ಲ ಅನ್ನಬೇಕು, ಹೆಸರು ನಾನಿಟ್ಟಿದ್ದು ಅನ್ನಬೇಕು, ಅವನು ಮೆಲ್ಲಗೆ ಮುಖ ತಿರುಗಿಸಿ ಅವಳನ್ನೇ ನೋಡುತ್ತಿದ್ದಾನೆ, ನಿಂಗೆ ಗೊತ್ತಿತ್ತಾ ಅನ್ನುವ ಹಾಗೆ, ಅವಳಿಗೆ ಅವನ ಈ ಮುಖ ಕಾಣುತ್ತಿಲ್ಲ, ಕಿಟಕಿ ಕಾಣುತ್ತಿದೆ, ಕೆಳಗೆ ದಡ, ಅವನು ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಾನೆ, ಎರಡು ಬೆರಳು, ನಡುವೆ ಹಗ್ಗ, ಸಡಿಲವಾಗಿ, ನಗುತ್ತಿದ್ದಾನೆ, ಹಗ್ಗ, ಎರಡು ಬೆರಳು, ಅವಳೂ ನಗುತ್ತಿದ್ದಾಳೆ, ಹಗ್ಗ ಸಡಿಲವಾಗಿದೆ